ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಸವಣೂರು ತಾಲೂಕಿನ ಹಳ್ಳಿಯವಳು. ಐದನೇ ಇಯತ್ತೆಯಲ್ಲಿ ಎಬಿಸಿಡಿ ಕಲಿತೆ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಹಾವೇರಿಯಲ್ಲಿ ಬಿಕಾಂ ಮುಗಿಸಿ, ಮೂರು ವರ್ಷದಿಂದ ಹುಬ್ಬಳ್ಳಿಯಲ್ಲಿ ಬೀಜದ ಕಂಪನಿಯೊಂದರ ಆಫೀಸಿನಲ್ಲಿದ್ದೇನೆ. ಮಾಲು ಕಳಿಸುವ ಲೆಕ್ಕ ನನ್ನದು. ದಿನಾ ಇಂಗ್ಲಿಷಿನಲ್ಲಿ ಇಮೇಲ್ ಬರೆಯಬೇಕು. ಕಳೆದ ತಿಂಗಳು ಪುಣೆಯ ಪಾರ್ಟಿಗೆ ಹೀಗೆ ಬರೆದೆ: ‘ಯೆಸ್ಟರ್ಡೇ ನೈಟ್ ಓನ್ಲಿ ಲಾರಿ ಲೆಫ್ಟ್ ಫ್ರಮ್ ಹುಬ್ಬಳ್ಳಿ. ಇನ್ ದ್ಯಾಟ್ ಫಾರ್ಟಿ ಬ್ಯಾಗ್ ಮೇಜ್ ಸೀಡ್ ಈಸ್ ದೇರ್. ಐ ವಿಲ್ ಸೆಂಡ್ ಬಿಲ್ಸ್ ಟಿಲ್ ಮಂಡೇ. ಕೈಂಡ್ಲಿ ಡೂ ದಿ ನೀಡ್‌ಫುಲ್.’ ಸೋಮವಾರದ ತನಕ ಇನ್ನೂ ಬಿಲ್ ಬರುತ್ತಲೇ ಇರುತ್ತವೆ ಅಂತ ತಿಳಿದು ಅವರು ದುಡ್ಡು ತಡೆದರು. ಮೇಲಿನವರು ನನ್ನ ಇಮೇಲನ್ನು ಎಲ್ಲರ ಮುಂದೆ ಓದಿ ನಕ್ಕರು. ಗ್ರಾಮರ್ ಪುಸ್ತಕ ಎರಡು ಸಲ ಓದಿದ್ದೇನೆ. ಬರೆಯಲು ಕೂತರೆ ಅದೇ ತಪ್ಪು. ‘ಕನ್ನಡದಲ್ಲಿ ಯೋಚಿಸುವುದನ್ನು ಬಿಡು’ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಹೇಗೆ ಬಿಡುವುದು ಸರ್?

ಉತ್ತರ: ತಂಗಿ, ಬಿಡಬೇಡಿ. ಬಿಡಲು ಆಗುವುದೂ ಇಲ್ಲ. ನಿಮಗೆ ಸಿಕ್ಕ ಸಲಹೆಯೇ ತಪ್ಪು ಅಂತ ನನ್ನ ಅಭಿಪ್ರಾಯ.

ನಾನು ಧಾರವಾಡದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಇಂಗ್ಲಿಷ್ ಕಲಿಸಿದೆ. ಕುಂದಗೋಳ, ನವಲಗುಂದ, ರೋಣ, ಶಿಗ್ಗಾಂವಿ, ಹೀಗೆ ಎಲ್ಲ ಕಡೆಯ ಮಕ್ಕಳು ಬರುತ್ತಿದ್ದರು. ಪೇಪರ್ ತಿದ್ದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಬ್ಬರ ಮುಖ ಒಬ್ಬರು ನೋಡದ ಮಕ್ಕಳು ಕೂಡ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತಿದ್ದರು. ಬುದ್ಧಿ ಕಡಿಮೆ ಇದ್ದು ಆಗುವ ತಪ್ಪು ಹೀಗೆ ಸಾಲಾಗಿ ನಿಲ್ಲುವುದಿಲ್ಲ. ಆ ಇಂಗ್ಲಿಷ್ ವಾಕ್ಯದ ಕೆಳಗೆ ಒಂದು ಕನ್ನಡ ವಾಕ್ಯ ಇರುತ್ತಿತ್ತು, ಮತ್ತು ಆ ಕನ್ನಡ ವಾಕ್ಯ ಪೂರ್ತಿ ಸರಿ ಇರುತ್ತಿತ್ತು. ಅಂದರೆ ನಿಮ್ಮ ತಪ್ಪುಗಳಿಗೆ ಒಂದು ವ್ಯಾಕರಣ ಇದೆ. ಅದು ಕನ್ನಡದ ವ್ಯಾಕರಣ. ಎರಡು ಭಾಷೆಗಳ ದಾರಿ ಎಲ್ಲಿ ಕವಲೊಡೆಯುತ್ತದೆ ಅಂತ ತಿಳಿದರೆ ಮುಕ್ಕಾಲು ತಪ್ಪುಗಳನ್ನು ನೀವೇ ಹಿಡಿಯಬಹುದು. ಅದನ್ನು ತಿಳಿಯಲು ಕನ್ನಡ ಬೇಕೇ ಬೇಕು.

ನಿಮಗೆ ದುಡ್ಡಿನ ತೊಂದರೆ ತಂದ ‘ಟಿಲ್ ಮಂಡೇ’ಯಿಂದಲೇ ಶುರು ಮಾಡೋಣ. ಕನ್ನಡದಲ್ಲಿ ‘ಸೋಮವಾರದೊಳಗೆ ಕಳಿಸುತ್ತೇನೆ’ ಬೇರೆ, ‘ಸೋಮವಾರದ ತನಕ ಕಳಿಸುತ್ತೇನೆ’ ಬೇರೆ. ಮೊದಲನೆಯದು ಒಂದು ಸಲ ಮುಗಿಯುವ ಕೆಲಸ. ಎರಡನೆಯದು ಅಲ್ಲಿವರೆಗೂ ನಡೆಯುತ್ತಿರುವ ಕೆಲಸ. ಇಂಗ್ಲಿಷಿನಲ್ಲೂ ಇದೇ ಭೇದ ಇದೆ. ‘ಒಳಗೆ’ ಅನ್ನುವಲ್ಲಿ ‘ಬೈ’, ‘ತನಕ’ ಅನ್ನುವಲ್ಲಿ ‘ಟಿಲ್’. ನಿಮ್ಮ ಮನಸ್ಸಿನಲ್ಲಿ ‘ಒಳಗೆ’ ಇತ್ತು, ಕೈ ‘ತನಕ’ ಅಂತ ಬರೆಯಿತು. ‘ಒಳಗೆ’ ಅನ್ನುವುದಕ್ಕೆ ಇನ್ನೂ ಕೆಲವರು ‘ವಿದಿನ್ ಮಂಡೇ’ ಅಂತ ಬರೆಯುತ್ತಾರೆ. ಅದೂ ಬೇಡ. ಎಷ್ಟು ದಿನದೊಳಗೆ ಅಂತ ಎಣಿಸುವಾಗ ಮಾತ್ರ ‘ವಿದಿನ್’: ‘ವಿದಿನ್ ತ್ರೀ ಡೇಸ್’.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪು ನಮ್ಮ ಕಡೆ ಮನೆಮನೆಯಲ್ಲೂ ಇದೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್.’ ನೀವೇ ಪತ್ರದಲ್ಲಿ ‘ಮೂರು ವರ್ಷದಿಂದ’ ಅಂತ ಬರೆದಿದ್ದೀರಿ. ಕನ್ನಡದಲ್ಲಿ ‘ಮೂರು ವರ್ಷದಿಂದ’ ಅಂದರೂ ‘ಇಂದ’, ‘2022ರಿಂದ’ ಅಂದರೂ ‘ಇಂದ’. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳಿ. ‘ಯಾವಾಗಿನಿಂದ?’ ಅನ್ನುವುದಕ್ಕೆ ಉತ್ತರವಾದರೆ ‘ಸಿನ್ಸ್’. ‘ಎಷ್ಟು ದಿನದಿಂದ?’ ಅನ್ನುವುದಕ್ಕೆ ಉತ್ತರವಾದರೆ ‘ಫಾರ್’. ಇನ್ನು ಕ್ರಿಯಾಪದ. ಹಿಂದೆ ಶುರುವಾಗಿ ಇವತ್ತೂ ನಡೆದಿರುವ ಕೆಲಸಕ್ಕೆ ನಾವು ‘ಮಾಡುತ್ತಿದ್ದೇನೆ’ ಅಂದುಬಿಡುತ್ತೇವೆ. ಇಂಗ್ಲಿಷಿಗೆ ಅಷ್ಟು ಸಾಲದು, ಅಲ್ಲಿ ‘ಹ್ಯಾವ್ ಬೀನ್’ ಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್.’ ಇದೊಂದನ್ನು ಗಟ್ಟಿ ಮಾಡಿಕೊಳ್ಳಿ. ಮುಂದೆ ಯಾವ ಇಂಟರ್‌ವ್ಯೂಗೆ ಹೋದರೂ ಈ ವಾಕ್ಯ ಬೇಕಾಗುತ್ತದೆ.

‘ಯೆಸ್ಟರ್ಡೇ ನೈಟ್’ ನಮ್ಮ ‘ನಿನ್ನೆ ರಾತ್ರಿ’. ‘ಟುಡೇ ಮಾರ್ನಿಂಗ್’ ನಮ್ಮ ‘ಇವತ್ತು ಮುಂಜಾನೆ’. ಇಂಗ್ಲಿಷಿನವರು ‘ಲಾಸ್ಟ್ ನೈಟ್’, ‘ದಿಸ್ ಮಾರ್ನಿಂಗ್’ ಅನ್ನುತ್ತಾರೆ. ಇಲ್ಲಿ ದೊಡ್ಡ ನಿಯಮ ಏನಿಲ್ಲ, ರೂಢಿ ಅಷ್ಟೆ.

ಅದರ ಪಕ್ಕದ ‘ಓನ್ಲಿ’ ಮಾತ್ರ ಕುತೂಹಲದ್ದು. ‘ನಿನ್ನೆ ರಾತ್ರಿಯೇ’ ಅನ್ನುವಾಗಿನ ಆ ‘ಏ’ ನಮಗೆ ಬಹಳ ಪ್ರೀತಿ. ‘ನಾನೇ ಕಳಿಸಿದೆ’, ‘ಇವತ್ತೇ ಕೊಡಿ’, ‘ಅಲ್ಲೇ ಇದೆ’. ಒಂದೇ ಅಕ್ಷರದಲ್ಲಿ ಎಷ್ಟು ಒತ್ತು! ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ಅದಕ್ಕೇ ನಾವು ‘ಓನ್ಲಿ’, ‘ಇಟ್‌ಸೆಲ್ಫ್’ ಹಚ್ಚುತ್ತೇವೆ. ‘ಐ ಓನ್ಲಿ ಸೆಂಟ್ ದಿ ಬಿಲ್’ ಅಂದರೆ ಅವರಿಗೆ ‘ಬಿಲ್ ಕಳಿಸಿದ್ದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ’ ಅಂತ ಕೇಳಿಸುತ್ತದೆ. ನಿಮಗೆ ‘ನಾನೇ’ ಅನ್ನಬೇಕಿದ್ದರೆ ‘ಐ ಸೆಂಟ್ ಇಟ್ ಮೈಸೆಲ್ಫ್’ ಅನ್ನಿ. ಉಳಿದ ಕಡೆ ಆ ಒತ್ತನ್ನು ಬಿಟ್ಟುಬಿಡಿ. ವ್ಯಾಪಾರದ ಇಮೇಲಿಗೆ ಅದು ಬೇಕಾಗುವುದು ಕಡಿಮೆ. ‘ಸ್ಮಾಲ್ ಸ್ಮಾಲ್ ಮಿಸ್ಟೇಕ್ಸ್’, ‘ಹಾಟ್ ಹಾಟ್ ಟೀ’ ಕೂಡ ಹೀಗೇ ಬಂದವು. ಸಣ್ಣ ಸಣ್ಣ, ಬಿಸಿ ಬಿಸಿ ಅನ್ನುವ ಜೋಡಿ ಪದದ ಸೊಗಸು ಕನ್ನಡದ್ದು. ಇಂಗ್ಲಿಷಿನಲ್ಲಿ ಒಂದೇ ಸಲ ಸಾಕು.

‘ಫಾರ್ಟಿ ಬ್ಯಾಗ್’ ನೋಡಿ. ಕನ್ನಡದಲ್ಲಿ ‘ನಲವತ್ತು ಚೀಲ’ ಅನ್ನುತ್ತೇವೆ, ‘ನಲವತ್ತು ಚೀಲಗಳು’ ಅಂತ ಮಾತಿನಲ್ಲಿ ಯಾರೂ ಅನ್ನುವುದಿಲ್ಲ. ಸಂಖ್ಯೆಯೇ ಹೇಳಿತಲ್ಲ, ಮತ್ತೆ ಬಹುವಚನ ಯಾಕೆ ಅನ್ನುವುದು ನಮ್ಮ ಭಾಷೆಯ ಲೆಕ್ಕ. ಇಂಗ್ಲಿಷಿನ ಲೆಕ್ಕ ಬೇರೆ, ಅಲ್ಲಿ ಎರಡೂ ಕಡೆ ಹೇಳಬೇಕು: ‘ಫಾರ್ಟಿ ಬ್ಯಾಗ್ಸ್’. ಆದರೆ ಕೆಲವು ಪದಗಳಿಗೆ ಬಹುವಚನವೇ ಇಲ್ಲ: ಫರ್ನಿಚರ್, ಲಗೇಜ್, ಇನ್ಫರ್ಮೇಶನ್, ಇಕ್ವಿಪ್‌ಮೆಂಟ್, ಅಡ್ವೈಸ್. ಇವಕ್ಕೆ ‘ಎಸ್’ ಹಚ್ಚಬೇಡಿ. ‘ಒನ್ ಆಫ್ ಮೈ ಫ್ರೆಂಡ್’ ಕೂಡ ತಪ್ಪು. ‘ಗೆಳತಿಯರಲ್ಲಿ ಒಬ್ಬಳು’ ಅಂತ ಕನ್ನಡದಲ್ಲಿ ಹೇಳಿ ನೋಡಿ. ಗೆಳತಿಯರು ಅಂತ ಬಹುವಚನ ತಾನಾಗೇ ಬಂತು, ಅಲ್ವಾ? ಹಾಗೆ ‘ಒನ್ ಆಫ್ ಮೈ ಫ್ರೆಂಡ್ಸ್’.

‘ಲೆಫ್ಟ್ ಫ್ರಮ್ ಹುಬ್ಬಳ್ಳಿ’ಯಲ್ಲಿ ‘ಫ್ರಮ್’ ಜಾಸ್ತಿಯಾಯಿತು. ನಮ್ಮಲ್ಲಿ ಹುಬ್ಬಳ್ಳಿ‘ಯಿಂದ’ ಬಿಟ್ಟಿತು, ಪುಣೆ‘ಗೆ’ ಮುಟ್ಟಿತು. ಅವರಲ್ಲಿ ‘ಲೆಫ್ಟ್ ಹುಬ್ಬಳ್ಳಿ’, ‘ರೀಚ್ಡ್ ಪುಣೆ’. ವಿಭಕ್ತಿ ಪ್ರತ್ಯಯ ಕಂಡಲ್ಲೆಲ್ಲ ನಾವು ಒಂದು ಇಂಗ್ಲಿಷ್ ಪದ ಇಟ್ಟುಬಿಡುತ್ತೇವೆ. ‘ರೇಟಿನ ಬಗ್ಗೆ ಚರ್ಚಿಸಿದೆವು’ ಅನ್ನುವುದು ‘ಡಿಸ್ಕಸ್ಡ್ ಅಬೌಟ್ ದಿ ರೇಟ್’ ಆಗುತ್ತದೆ, ‘ನನಗೆ ಹೇಳಿದರು’ ಅನ್ನುವುದು ‘ಟೋಲ್ಡ್ ಟು ಮಿ’ ಆಗುತ್ತದೆ, ‘ವಾಪಸ್ ಕೊಟ್ಟೆ’ ಅನ್ನುವುದು ‘ರಿಟರ್ನ್ಡ್ ಬ್ಯಾಕ್’ ಆಗುತ್ತದೆ. ‘ಡಿಸ್ಕಸ್’ ಅನ್ನುವುದರಲ್ಲೇ ‘ಬಗ್ಗೆ’ ಅಡಗಿದೆ. ‘ರಿಟರ್ನ್’ ಅನ್ನುವುದರಲ್ಲೇ ‘ವಾಪಸ್’ ಇದೆ. ಇವಕ್ಕೆ ಒಂದೇ ನಿಯಮ ಹೇಳಲು ಬರುವುದಿಲ್ಲ. ಕ್ರಿಯಾಪದ ಕಲಿಯುವಾಗಲೇ ಅದಾದ ಮೇಲೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಕೂಡಿಸಿ ಕಲಿಯಬೇಕು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಪದದ ಆಯ್ಕೆಯಲ್ಲಿ ಜಾಸ್ತಿ ತಪ್ಪು ಬರುವುದೇ ಹೀಗೆ. ನಮ್ಮ ಕಡೆಯ ‘ಹಚ್ಚು’ ತಗೊಳ್ಳಿ. ದೀಪ ಹಚ್ಚುತ್ತೇವೆ. ಫೋನ್ ಹಚ್ಚುತ್ತೇವೆ. ಟಿವಿ ಹಚ್ಚುತ್ತೇವೆ. ಗೋಡೆಗೆ ಬಣ್ಣ ಹಚ್ಚುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ, ಹಿತ್ತಲಲ್ಲಿ ಗಿಡ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ. ಒಂದೇ ಮಾತಿನಲ್ಲಿ ಏಳು ಕೆಲಸ. ಇಂಗ್ಲಿಷಿಗೆ ಹೋದರೆ ಏಳಕ್ಕೂ ಬೇರೆ ಬೇರೆ ಮಾತು: ಲೈಟ್ ದಿ ಲ್ಯಾಂಪ್, ಮೇಕ್ ಎ ಕಾಲ್, ಟರ್ನ್ ಆನ್ ದಿ ಟಿವಿ, ಪೇಂಟ್ ದಿ ವಾಲ್, ಅಪ್ಲೈ ದಿ ಆಯಿಂಟ್‌ಮೆಂಟ್, ಪ್ಲಾಂಟ್ ಎ ಟ್ರೀ, ಪುಟ್ ದಿ ಬಾಯ್ ಇನ್ ಸ್ಕೂಲ್.

‘ತೆಗೆ’ ಕೂಡ ಅಂಥದೇ. ಚಪ್ಪಲಿ ತೆಗೆಯುತ್ತೇವೆ, ಬಾಗಿಲು ತೆಗೆಯುತ್ತೇವೆ, ಫೋಟೊ ತೆಗೆಯುತ್ತೇವೆ, ಆಫೀಸಿನಲ್ಲಿ ಪ್ರಿಂಟ್ ತೆಗೆಯುತ್ತೇವೆ. ಸಾಲೆಯಲ್ಲಿ ‘ತೆಗೆ ಅಂದರೆ ರಿಮೂವ್’ ಅಂತ ಬಾಯಿಪಾಠ ಮಾಡಿರುತ್ತೇವೆ. ಕಡೆಗೆ ಒಬ್ಬರು ‘ಪ್ಲೀಸ್ ರಿಮೂವ್ ಟೂ ಕಾಪೀಸ್’ ಅಂತ ಬರೆಯುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ‘ಎರಡು ಪ್ರತಿ ತೆಗೆಯಿರಿ’. ಓದಿದವರು ಇದ್ದ ಪ್ರತಿಗಳಲ್ಲಿ ಎರಡನ್ನು ಎತ್ತಿ ಆಚೆ ಇಡುತ್ತಾರೆ. ಅರ್ಥ ಪೂರ್ತಿ ತಿರುಗಿತು. ‘ಸಹಿ ಹಾಕಿ’ ಅನ್ನುವುದನ್ನು ‘ಪುಟ್ ಯುವರ್ ಸೈನ್’ ಅನ್ನುತ್ತೇವೆ. ಅಲ್ಲಿ ‘ಸೈನ್’ ಕ್ರಿಯಾಪದ, ‘ಸಿಗ್ನೇಚರ್’ ನಾಮಪದ. ‘ಪ್ಲೀಸ್ ಸೈನ್ ಹಿಯರ್’ ಅಂದರೆ ಮುಗಿಯಿತು. ‘ಸಾಲ’ ನಮ್ಮಲ್ಲಿ ಒಂದೇ, ಕೊಡುವುದೂ ತಗೊಳ್ಳುವುದೂ ಅದನ್ನೇ. ಅವರಲ್ಲಿ ಕೊಡುವುದು ‘ಲೆಂಡ್’, ತಗೊಳ್ಳುವುದು ‘ಬಾರೋ’. ‘ಕ್ಯಾನ್ ಯು ಬಾರೋ ಮಿ ಫೈವ್ ಹಂಡ್ರೆಡ್’ ಅಂದರೆ ಮಾತು ಕೆಡುತ್ತದೆ.

ಇದಕ್ಕೆ ನಾನು ಕಂಡ ಮದ್ದು ಒಂದೇ. ಒಂಟಿ ಪದ ಕಲಿಯಬೇಡಿ, ಜೋಡಿ ಕಲಿಯಿರಿ. ‘ತೆಗೆ = ರಿಮೂವ್’ ಅಂತ ಬರೆದುಕೊಳ್ಳುವುದನ್ನು ಬಿಟ್ಟು ‘ಪ್ರಿಂಟ್ ತೆಗೆ = ಟೇಕ್ ಎ ಪ್ರಿಂಟೌಟ್’ ಅಂತ ಬರೆದುಕೊಳ್ಳಿ.

ಮಾತಿನಲ್ಲಿ ಆಗುವ ಒಂದು ಎಡವಟ್ಟನ್ನೂ ಹೇಳಬೇಕು. ಫೋನಿನಲ್ಲಿ ‘ಡಿಡಂಟ್ ಯು ಸೆಂಡ್ ದಿ ಬಿಲ್?’ ಅಂತ ಕೇಳುತ್ತಾರೆ. ನೀವು ಕಳಿಸಿಲ್ಲ. ಕನ್ನಡದಲ್ಲಿ ‘ಬಿಲ್ ಕಳಿಸಿಲ್ವಾ?’ ಅಂದರೆ ‘ಹೂಂ, ಕಳಿಸಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತು ನಿಜ ಅಂತ ಒಪ್ಪಿಕೊಳ್ಳುವ ‘ಹೂಂ’ ಅದು. ಅದೇ ರೂಢಿಯಲ್ಲಿ ‘ಯೆಸ್’ ಅಂದುಬಿಟ್ಟರೆ, ಬಿಲ್ ಕಳಿಸಿದ್ದೀರಿ ಅಂತ ಅವರು ಬರೆದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಕೆಲಸ ಆಗಿದ್ದರೆ ‘ಯೆಸ್’, ಆಗಿಲ್ಲದಿದ್ದರೆ ‘ನೋ’. ಬರೀ ಯೆಸ್, ನೋ ಅಂದು ನಿಲ್ಲಿಸಬೇಡಿ. ‘ನೋ, ಐ ಡಿಡಂಟ್’ ಅಂತ ಪೂರ್ತಿ ಹೇಳಿ. ಆಗ ಗೊಂದಲಕ್ಕೆ ಜಾಗವೇ ಇರುವುದಿಲ್ಲ. ನಮ್ಮ ‘ಅಲ್ವಾ’ ಎಲ್ಲದಕ್ಕೂ ಹೊಂದುತ್ತದೆ, ಅದಕ್ಕೇ ಎಲ್ಲ ಕಡೆ ‘ಈಸಂಟ್ ಇಟ್’ ಬರುತ್ತದೆ. ಮಾತಿನಲ್ಲಿ ಅದರಿಂದ ಅಂಥ ನಷ್ಟ ಇಲ್ಲ. ಬರವಣಿಗೆಯಲ್ಲಿ ಬೇಡ.

ಕ್ರಿಯಾಪದದ ವಿಷಯದಲ್ಲಿ ಮಾತ್ರ ಕನ್ನಡ ನಿಮಗೆ ನೇರವಾಗಿ ನೆರವಾಗುತ್ತದೆ. ‘ಐ ಡಿಡ್ ನಾಟ್ ವೆಂಟ್’ ಅಂತ ಬಹಳ ಜನ ಬರೆಯುತ್ತಾರೆ. ಕನ್ನಡದಲ್ಲಿ ‘ಹೋದಲಿಲ್ಲ’ ಅನ್ನುತ್ತೇವಾ? ಇಲ್ಲ, ‘ಹೋಗಲಿಲ್ಲ’ ಅನ್ನುತ್ತೇವೆ. ಮೂಲ ಕ್ರಿಯಾಪದ ಬದಲಾಗುವುದಿಲ್ಲ. ಇಂಗ್ಲಿಷ್ ಕೂಡ ಅದನ್ನೇ ಮಾಡುತ್ತದೆ. ಆಗಿಹೋದ ಕಾಲದ ಭಾರವನ್ನು ‘ಡಿಡ್’ ಹೊತ್ತುಕೊಂಡಿತು, ಉಳಿದದ್ದು ಬರೀ ‘ಗೋ’. ‘ಇಫ್ ದಿ ಲಾರಿ ವಿಲ್ ಕಮ್ ಟುಮಾರೋ’ ಅನ್ನುವುದೂ ಹಾಗೇ. ‘ನಾಳೆ ಲಾರಿ ಬಂದರೆ’ ಅನ್ನುತ್ತೇವೆ. ಅದರಲ್ಲಿ ಭವಿಷ್ಯದ ರೂಪ ಇಲ್ಲ, ಅಲ್ಲೂ ಬೇಡ: ‘ಇಫ್ ದಿ ಲಾರಿ ಕಮ್ಸ್ ಟುಮಾರೋ’.

ಆ ‘ಕಮ್ಸ್’ ಕೊನೆಯ ‘ಎಸ್’ ಬಹಳ ಸಲ ಬಿಟ್ಟುಹೋಗುತ್ತದೆ. ಬರುತ್ತೇನೆ, ಬರುತ್ತಾಳೆ, ಬರುತ್ತದೆ, ಬರುತ್ತೀರಿ ಅಂತ ನಾವು ದಿನಾ ಎಷ್ಟು ಬಾಲಗಳನ್ನು ಸಂಭಾಳಿಸುತ್ತೇವೆ. ಹಳೆಯ ಇಂಗ್ಲಿಷಿನಲ್ಲೂ ಇಂಥ ಹಲವು ಬಾಲಗಳಿದ್ದವು. ಕಾಲಕಾಲಕ್ಕೆ ಉದುರಿದವು. ಅವನು, ಅವಳು, ಅದು ಅನ್ನುವವಕ್ಕೆ ವರ್ತಮಾನದಲ್ಲಿ ಈ ಒಂದು ‘ಎಸ್’ ಉಳಿಯಿತು. ಇದನ್ನು ಕಾಪಾಡಲು ಸುಲಭ ಉಪಾಯ ಇದೆ. ಇಮೇಲ್ ಮುಗಿದ ಮೇಲೆ ಕ್ರಿಯಾಪದಗಳನ್ನಷ್ಟೇ ಒಂದು ಸಲ ನೋಡುತ್ತಾ ಹೋಗಿ, ಪ್ರತಿಯೊಂದಕ್ಕೂ ‘ಯಾರು?’ ಅಂತ ಕೇಳಿ. ಅಲ್ಲಿ ನಮ್ಮ ಗೌರವದ ಬಹುವಚನ ಕಾಲಿಗೆ ತೊಡರಬಾರದು. ‘ಸರ್ ಹೇಳಿದ್ದಾರೆ’ ಅನ್ನುವ ರೂಢಿಯಲ್ಲಿ ‘ಸರ್ ಹ್ಯಾವ್ ಟೋಲ್ಡ್’ ಅಂತ ಬರುತ್ತದೆ. ಇಂಗ್ಲಿಷಿನಲ್ಲಿ ಎಷ್ಟೇ ದೊಡ್ಡವರಾದರೂ ಒಬ್ಬರು ಒಬ್ಬರೇ, ‘ಹ್ಯಾಸ್’.

ಇನ್ನು ‘ಎ’, ‘ಅನ್’, ‘ದಿ’. ಕನ್ನಡದಲ್ಲಿ ಇವಿಲ್ಲ, ಅದಕ್ಕೇ ಕಷ್ಟ ಅಂತಾರೆ. ಆದರೆ ಇವು ಮಾಡುವ ಕೆಲಸ ನಮ್ಮಲ್ಲೂ ನಡೆಯುತ್ತದೆ. ‘ಪೆನ್ನು ತಂದೆ’ ಅಂದರೆ ಯಾವುದೋ ಒಂದು ಪೆನ್ನು. ‘ಪೆನ್ನನ್ನು ತಂದೆ’ ಅಂದರೆ ಕೇಳುವವರಿಗೂ ಯಾವುದು ಅಂತ ಗೊತ್ತಿರುವ ಪೆನ್ನು. ಮೊದಲನೆಯದಕ್ಕೆ ‘ಎ ಪೆನ್’, ಎರಡನೆಯದಕ್ಕೆ ‘ದಿ ಪೆನ್’. ಬರೆಯುವಾಗ ನಾಮಪದದ ಮುಂದೆ ‘ಯಾವುದೋ ಒಂದು’ ಅಂತ ಇಟ್ಟು ನೋಡಿ. ಹೊಂದಿದರೆ ‘ಎ’. ‘ನಿಮಗೂ ಗೊತ್ತಿರುವ ಆ’ ಅಂತ ಇಟ್ಟು ನೋಡಿ. ಹೊಂದಿದರೆ ‘ದಿ’. ನಿಮ್ಮ ಲಾರಿ ಯಾವುದು ಅಂತ ಪುಣೆಯವರಿಗೆ ಗೊತ್ತು, ಹಾಗಾಗಿ ‘ದಿ ಲಾರಿ’. ಎಲ್ಲಕ್ಕಿಂತ ದೊಡ್ಡದು, ಉದ್ದದ್ದು ಅನ್ನುವಾಗಲೂ ‘ದಿ’ ಬೇಕು, ಯಾಕೆಂದರೆ ಅಂಥದ್ದು ಒಂದೇ ಇರುತ್ತದೆ. 2023ರಲ್ಲಿ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ ಎಲ್ಲ ಪತ್ರಿಕೆಗಳೂ ಅದನ್ನು ಜಗತ್ತಿನ ‘ದಿ ಲಾಂಗೆಸ್ಟ್’ ಅಂತ ಬರೆದವು. ‘ಎ ಲಾಂಗೆಸ್ಟ್’ ಅಂತ ಬರೆಯಲು ಬರುವುದಿಲ್ಲ.

‘ಅನ್’ ಬಂದರೆ ಸಂಧಿ ನೆನಪು ಮಾಡಿಕೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಅನ್ನುವ ಪದದಿಂದಲೇ ಇದು ಬಂದಿದ್ದು. ಮೊದಲು ಎಲ್ಲ ಕಡೆ ‘ನ್’ ಇತ್ತು. ಆಮೇಲೆ ವ್ಯಂಜನದ ಮುಂದೆ ಅದು ಲೋಪವಾಯಿತು, ಸ್ವರದ ಮುಂದೆ ಉಳಿಯಿತು. ಸಂಧಿ ಆಗುವುದು ಕಿವಿಗೆ ಕೇಳುವ ಸದ್ದಿನಲ್ಲಿ, ಬರೆದ ಅಕ್ಷರದಲ್ಲಿ ಅಲ್ಲ. ಆದ್ದರಿಂದ ‘ಅನ್ ಅವರ್’, ‘ಅನ್ ಎಂಎಲ್ಎ’. ಆದರೆ ‘ಎ ಯೂನಿವರ್ಸಿಟಿ’, ‘ಎ ವನ್ ರುಪೀ ಕಾಯಿನ್’, ಯಾಕೆಂದರೆ ಬಾಯಲ್ಲಿ ಮೊದಲು ಬರುವುದು ಯ ಮತ್ತು ವ. ಕನ್ನಡ ಲಿಪಿಯಲ್ಲಿ ಬರೆದು ನೋಡಿದರೆ ಉತ್ತರ ಕಣ್ಣೆದುರೇ ಇರುತ್ತದೆ.

ಸ್ಪೆಲಿಂಗಿನಲ್ಲಿ ಹಾಗಲ್ಲ. ಅಲ್ಲಿ ನಮ್ಮ ಲಿಪಿಯ ರೂಢಿಯೇ ಅಡ್ಡ ಬರುತ್ತದೆ. ನಾವು ಅಂದದ್ದನ್ನೇ ಬರೆಯುವವರು. ಇಂಗ್ಲಿಷಿನವರು ಒಂದು ಕಾಲಕ್ಕೆ ಅಂದದ್ದನ್ನು ಇಂದಿಗೂ ಬರೆಯುವವರು. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದಾಗ ‘ನೈಫ್’ ಪದದ ಮುಂದಿನ ‘ಕೆ’ ಅಕ್ಷರವನ್ನು ಜನ ಉಚ್ಚರಿಸುತ್ತಿದ್ದರು. ಮುಂದೆ ಬಾಯಿ ಬದಲಾಯಿತು, ಅಚ್ಚು ಬದಲಾಗಲಿಲ್ಲ. ಇನ್ನು ಕೆಲವು ಅಕ್ಷರಗಳನ್ನು ಪಂಡಿತರು ಲ್ಯಾಟಿನ್ ಮೂಲ ತೋರಿಸಲು ಆಮೇಲೆ ತುರುಕಿದರು. ‘ಡೆಟ್’ ಪದದ ‘ಬಿ’, ನೀವು ದಿನಾ ಬರೆಯುವ ‘ರಿಸೀಟ್’ ಪದದ ‘ಪಿ’ ಹಾಗೆ ಬಂದವು. ಆ ‘ಪಿ’ ನಿಮಗೆ ಕೇಳಿಸದಿದ್ದರೆ ನಿಮ್ಮ ಕಿವಿ ಸರಿ ಇದೆ ಅಂತ ಅರ್ಥ. ಅದರಲ್ಲಿ ‘ಸಿ’ ಆದ ಮೇಲೆ ‘ಇ’ ಮೊದಲು, ‘ಐ’ ಆಮೇಲೆ. ‘ರಿಸೀವ್’ ಕೂಡ ಹಾಗೇ. ‘ಬಿಲೀವ್’ನಲ್ಲಿ ‘ಸಿ’ ಇಲ್ಲ, ಅಲ್ಲಿ ‘ಐ’ ಮೊದಲು.

ಕನ್ನಡ ಕಿವಿಯಿಂದ ಹುಟ್ಟುವ ಸ್ಪೆಲಿಂಗ್ ತಪ್ಪು ಕೆಲವಿವೆ. ‘ಡೈರಿ’ ಅಂತ ನಾವು ಬರೆಯುವ ಪುಸ್ತಕಕ್ಕೂ ಅನ್ನುತ್ತೇವೆ, ಹಾಲು ಹಾಕುವ ಜಾಗಕ್ಕೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಹಾಲಿನದು ‘ಡೇರಿ’, ಅದರಲ್ಲಿ ‘ಎ’ ಮೊದಲು, ‘ಐ’ ಆಮೇಲೆ. ಬರೆಯುವುದು ‘ಡೈಅರಿ’, ಅದರಲ್ಲಿ ‘ಐ’ ಮೊದಲು. ಇನ್ನೊಂದು ಗುಂಪು ಇದೆ. ಕನ್ನಡದಲ್ಲಿ ಸ ಇದೆ, ಜ ಇದೆ, ಅವೆರಡರ ನಡುವಿನ ಜ಼ ಇಲ್ಲ. ಹುಬ್ಬಳ್ಳಿಯಲ್ಲಿ ಉರ್ದು ಮಾತಾಡುವ ಗೆಳತಿಯರು ‘ಜ಼ಮೀನ್’ ಅನ್ನುವುದನ್ನು ಕೇಳಿ, ಆ ಸದ್ದು ತಿಳಿಯುತ್ತದೆ. ಅದು ನಮಗೆ ಕೇಳಿಸದ ಕಾರಣ ಮೂರು ಜೋಡಿ ಕಲಸಿಹೋಗುತ್ತವೆ. ಬೆಲೆ ‘ಪ್ರೈಸ್’, ಬಹುಮಾನ ‘ಪ್ರೈಜ಼್’. ಸಡಿಲ ಅಂದರೆ ‘ಲೂಸ್’, ಅದರಲ್ಲಿ ಎರಡು ‘ಓ’. ಕಳೆದುಕೊಳ್ಳುವುದು ‘ಲೂಜ಼್’, ಅದರಲ್ಲಿ ಒಂದೇ ‘ಓ’. ಸಲಹೆ ‘ಅಡ್ವೈಸ್’, ಅದಕ್ಕೆ ‘ಸಿ’. ಸಲಹೆ ಕೊಡುವುದು ‘ಅಡ್ವೈಜ಼್’, ಅದಕ್ಕೆ ‘ಎಸ್’. ನಿಮ್ಮ ಬಿಲ್ಲಿನಲ್ಲಿ ‘ಪ್ರೈಸ್’ ಪದ ತಪ್ಪಾದರೆ ಮೆಕ್ಕೆಜೋಳಕ್ಕೆ ಬಹುಮಾನ ಕೊಟ್ಟಂತಾಗುತ್ತದೆ, ಅದೊಂದನ್ನು ಜೋಪಾನವಾಗಿ ನೋಡಿ.

ಅಕ್ಷರ ಇಮ್ಮಡಿಯಾಗುವ ಗೊಂದಲಕ್ಕೆ ಮತ್ತೆ ಕನ್ನಡವೇ ದಾರಿ ತೋರುತ್ತದೆ. ‘ರನಿಂಗ್’ಗೆ ಎರಡು ‘ಎನ್’, ‘ರೈಟಿಂಗ್’ಗೆ ಒಂದೇ ‘ಟಿ’. ಯಾಕೆ? ನಾವು ಇಂಗ್ಲಿಷ್ ಪದ ಕನ್ನಡಕ್ಕೆ ತಂದಾಗ ಏನು ಮಾಡುತ್ತೇವೆ ನೋಡಿ. ಬಸ್ಸು, ಪೆನ್ನು, ಕಪ್ಪು. ಒತ್ತಕ್ಷರ ಬಂತು. ಕಾರು, ಫೋನು, ಟೇಪು. ಒತ್ತು ಬರಲಿಲ್ಲ. ಹಿಂದಿನ ಸ್ವರ ಚಿಕ್ಕದಾದರೆ ಒತ್ತು, ದೀರ್ಘವಾದರೆ ಇಲ್ಲ. ಹೆಚ್ಚುಕಡಿಮೆ ಇದೇ ಇಂಗ್ಲಿಷಿನ ನಿಯಮವೂ ಹೌದು. ರನ್, ಸಿಟ್, ಪ್ಲ್ಯಾನ್ ಚಿಕ್ಕವು, ಇಮ್ಮಡಿಯಾಗುತ್ತವೆ. ರೈಟ್, ಹೋಪ್, ಡೈನ್ ಎಳೆದವು, ಇಮ್ಮಡಿಯಾಗುವುದಿಲ್ಲ. ‘ಕಮಿಂಗ್’ ಈ ಲೆಕ್ಕಕ್ಕೆ ಹೊರತು, ಅದಕ್ಕೆ ಒಂದೇ ‘ಎಂ’. ‘ಓಪನಿಂಗ್’, ‘ವಿಸಿಟಿಂಗ್’ ಕೂಡ ಇಮ್ಮಡಿಯಾಗುವುದಿಲ್ಲ, ಯಾಕೆಂದರೆ ಅಲ್ಲಿ ಒತ್ತು ಕೊಟ್ಟು ಹೇಳುವುದು ಪದದ ಮೊದಲ ಭಾಗವನ್ನು.

ಉಳಿದದ್ದು ಬಾಯಿಪಾಠ. ‘ಸೆಪರೇಟ್’ ನಡುವೆ ‘ಎ’ ಇದೆ, ‘ಇ’ ಇಲ್ಲ. ‘ಡೆಫಿನೆಟ್ಲಿ’ ಒಳಗೆ ‘ಫೈನೈಟ್’ ಕೂತಿದೆ. ‘ಕಮಿಷನ್’ಗೆ ಎರಡು ‘ಎಂ’, ಎರಡು ‘ಎಸ್’. ‘ಗ್ರಾಮರ್’ ಕೊನೆಗೆ ‘ಎ ಆರ್’. ‘ಡಿಸ್ಪ್ಯಾಚ್’ ಅನ್ನು ‘ಡಿ ಇ’ ಇಂದ ಬರೆದರೂ ಸರಿ, ‘ಡಿ ಐ’ ಇಂದ ಬರೆದರೂ ಸರಿ. ಕಂಪ್ಯೂಟರ್ ‘ಕಲರ್’ ಪದದಲ್ಲಿ ‘ಯು’ ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದರೆ ಹೆದರಬೇಡಿ. ಅದು ಅಮೆರಿಕದ ರೂಢಿ ನೋಡುತ್ತಿದೆ. ಅಲ್ಲಿನ ವೆಬ್‌ಸ್ಟರ್ ತಮ್ಮ ನಿಘಂಟುಗಳಲ್ಲಿ ಆ ‘ಯು’ ಬಿಟ್ಟರು. ನಾವು ಬ್ರಿಟನ್ನಿನ ರೂಢಿಯವರು. ಸೆಟಿಂಗ್ಸಿನಲ್ಲಿ ಭಾಷೆಯನ್ನು ಭಾರತದ ಇಂಗ್ಲಿಷಿಗೆ ಬದಲಿಸಿ. ಆದರೆ ಡೇರಿ-ಡೈಅರಿ, ಫಾರ್ಮ್-ಫ್ರಮ್, ಕ್ವೈಟ್-ಕ್ವಾಯೆಟ್ ಅದಲು ಬದಲಾದರೆ ಕಂಪ್ಯೂಟರ್ ಬಹಳ ಸಲ ಸುಮ್ನೆ ಇರುತ್ತದೆ, ಯಾಕೆಂದರೆ ಎರಡೂ ಸರಿಯಾದ ಪದಗಳೇ. ಅಲ್ಲಿ ನಿಮ್ಮ ಕಣ್ಣೇ ಬೇಕು.

ತಪ್ಪಲ್ಲದ್ದನ್ನು ತಪ್ಪು ಅಂತ ತಿಳಿದು ಬೆವರುವುದೂ ಬೇಡ. ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಡುವುದು ಅನ್ನುವ ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ಪುಣೆಯವರಿಗೆ ಧಾರಾಳವಾಗಿ ಬರೆಯಿರಿ. ಹೊರದೇಶದವರಿಗೆ ಮಾತ್ರ ‘ಬ್ರಿಂಗ್ ಫಾರ್ವರ್ಡ್’ ಅನ್ನಿ. ಓದು ಮುಗಿಸಿದೆ ಅನ್ನಲು ‘ಐ ಪಾಸ್ಡ್ ಔಟ್’ ಅಂದರೆ ಅವರಿಗೆ ‘ತಲೆ ತಿರುಗಿ ಬಿದ್ದೆ’ ಅಂತ ಕೇಳಿಸುತ್ತದೆ, ‘ಗ್ರಾಜುಯೇಟೆಡ್’ ಅನ್ನಿ. ‘ಡೂ ದಿ ನೀಡ್‌ಫುಲ್’ ಬ್ರಿಟಿಷರ ಕಚೇರಿಗಳಲ್ಲೇ ಓಡಾಡುತ್ತಿದ್ದ ಹಳೆಯ ಮಾತು. ವ್ಯಾಕರಣ ತಪ್ಪಿಲ್ಲ. ನನಗೆ ಅದು ಇಷ್ಟವಾಗದಿರುವುದಕ್ಕೆ ಕಾರಣ ಬೇರೆ, ಏನು ಮಾಡಬೇಕು ಅಂತ ಅದು ಹೇಳುವುದೇ ಇಲ್ಲ. ನಿಮಗೆ ಸಹಿ ಮಾಡಿದ ರಸೀದಿ ಬೇಕಿದ್ದರೆ ಅದನ್ನೇ ಕೇಳಿ.

ನಿಮ್ಮ ಸವಣೂರಿನಲ್ಲೇ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ, ಇಂಗ್ಲಿಷ್ ಪ್ರಾಧ್ಯಾಪಕರಾದವರು. ಇಂಗ್ಲಿಷ್ ಕಲಿಸುತ್ತಲೇ ಕನ್ನಡದಲ್ಲಿ ಬರೆದು 1990ರ ಜ್ಞಾನಪೀಠ ಪಡೆದರು. ಒಂದು ಭಾಷೆಗಾಗಿ ಇನ್ನೊಂದನ್ನು ಅವರು ಬಿಡಲಿಲ್ಲ. ‘ಕನ್ನಡದಲ್ಲಿ ಯೋಚಿಸುವುದನ್ನು ಬಿಡು’ ಅನ್ನುವವರಿಗೆ ನಿಮ್ಮೂರಿನವರ ಈ ಹೆಸರು ಹೇಳಿ. ನಿಮ್ಮ ಇಮೇಲನ್ನು ಎಲ್ಲರ ಮುಂದೆ ಓದಿ ನಕ್ಕದ್ದು ಸರಿಯಲ್ಲ. ಪಕ್ಕಕ್ಕೆ ಕರೆದು ‘ಟಿಲ್ ಬೇಡ, ಬೈ ಬರೆಯಿರಿ’ ಅಂದಿದ್ದರೆ ಅರ್ಧ ನಿಮಿಷದ ಕೆಲಸವಾಗಿತ್ತು.

ಇನ್ನು ಮೇಲೆ ಒಂದು ನೋಟ್‌ಬುಕ್ ಇಡಿ. ತಪ್ಪಾದ ವಾಕ್ಯ ಸಿಕ್ಕಾಗ ಎಡಗಡೆ ಅದರ ಕೆಳಗಿದ್ದ ಕನ್ನಡ ವಾಕ್ಯ ಬರೆಯಿರಿ, ಬಲಗಡೆ ಸರಿಯಾದ ಇಂಗ್ಲಿಷ್. ತಪ್ಪು ಇಂಗ್ಲಿಷನ್ನು ಬರೆದಿಡಬೇಡಿ, ಕಣ್ಣಿಗೆ ಅದೇ ರೂಢಿಯಾಗುತ್ತದೆ. ಎರಡು ತಿಂಗಳಲ್ಲಿ ನಿಮ್ಮ ತಪ್ಪುಗಳೆಲ್ಲ ಹತ್ತು ಹದಿನೈದು ಬಗೆಯವು ಅಷ್ಟೆ ಅಂತ ಗೊತ್ತಾಗುತ್ತದೆ. ಮೊದಲ ಪುಟಕ್ಕೆ ನಿಮ್ಮ ಪುಣೆಯ ಇಮೇಲನ್ನೇ ಹಾಕಿಕೊಳ್ಳಿ. ಬಲಗಡೆ ಹೀಗಿರಲಿ:

‘ಡಿಯರ್ ಸರ್, ದಿ ಲಾರಿ ಲೆಫ್ಟ್ ಹುಬ್ಬಳ್ಳಿ ಲಾಸ್ಟ್ ನೈಟ್ ವಿತ್ ಫಾರ್ಟಿ ಬ್ಯಾಗ್ಸ್ ಆಫ್ ಮೇಜ್ ಸೀಡ್. ಐ ವಿಲ್ ಸೆಂಡ್ ಯು ದಿ ಬಿಲ್ಸ್ ಬೈ ಮಂಡೇ. ಪ್ಲೀಸ್ ಸೆಂಡ್ ಅಸ್ ದಿ ಸೈನ್ಡ್ ರಿಸೀಟ್ ವೆನ್ ದಿ ಗೂಡ್ಸ್ ಅರೈವ್.’